ಕನ್ನಡ ವಿಭಾಗದ ಕೈಯಲ್ಲಿ ಮಾಪು

ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ರೋಗಿಯ ಭಾಷೆಯ ಮೇಲೆ ಕಾಳಜಿಯಿಲ್ಲ ಅನ್ನುವವರು ಒಮ್ಮೆ ವಿದೇಶಿ ರೋಗಿಗಳ ಕೌಂಟರಿನತ್ತ ಹೋಗಿ ಬರಬೇಕು. ಮಸ್ಕತ್‌ನಿಂದ ಬಂದವರಿಗೆ ಅರಬ್ಬಿ ದುಭಾಷಿ. ಢಾಕಾದಿಂದ ಬಂದವರಿಗೆ ಬಂಗಾಳಿ ದುಭಾಷಿ. ಏರ್‌ಪೋರ್ಟಿನಿಂದ ಹಿಡಿದು ಬಿಲ್ ಕಟ್ಟುವ ತನಕ ಜೊತೆಗೇ ಇರುತ್ತಾರೆ. ಒಳ್ಳೆಯದೇ, ಕಾಯಿಲೆ ಬಿದ್ದವರಿಗೆ ಅವರ ಮಾತಲ್ಲೇ ಹೇಳಬೇಕು.

ಮದ್ದೂರಿನ ಅಜ್ಜಿಗೆ? ಅವರಿಗೂ ದುಭಾಷಿ ಇದ್ದಾರೆ. ನೆಲ ಒರೆಸುವ ಅಕ್ಕ.

ದಿಲ್ಲಿಯ ಡಾಕ್ಟರು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಕೇರಳದ ಸಿಸ್ಟರ್ ಪಾಪ, ಅದನ್ನು ಅರ್ಧ ಹಿಂದಿ, ಅರ್ಧ ಕೈಸನ್ನೆ ಮಾಡುತ್ತಾರೆ. ಅಕ್ಕ ಮಾಪು ಗೋಡೆಗೆ ಒರಗಿಸಿ ಬರುತ್ತಾರೆ: "ಅಜ್ಜಿ, ಹಾರ್ಟಿನ ರಕ್ತನಾಳ ಕಟ್ಕಂಡದಂತೆ. ಸ್ಪ್ರಿಂಗ್ ಹಾಕ್ತಾರಂತೆ. ಹೆದರ್ಕಬೇಡಿ, ಪಕ್ಕದ ಬೆಡ್ಡೋರ್ಗೂ ಹಾಕವ್ರೆ." ಹೃದ್ರೋಗ ವಿಭಾಗದಲ್ಲಿ ಇಷ್ಟು ಚೆನ್ನಾಗಿ ವಿವರಿಸುವವರು ಬೇರೆ ಇಲ್ಲ. ಸಂಬಳದ ಚೀಟಿಯಲ್ಲಿ ಮಾತ್ರ 'ಹೌಸ್‌ಕೀಪಿಂಗ್' ಅಂತಿದೆ. ಮಧ್ಯಾಹ್ನ ಎರಡಕ್ಕೆ ಅಕ್ಕನ ಶಿಫ್ಟ್ ಮುಗಿದರೆ ಕನ್ನಡ ವಿಭಾಗ ಬಂದ್.

ಇದೇ ಅಜ್ಜಿ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿ ಅಲ್ಲಿ ಹುಷಾರು ತಪ್ಪಿದರೆ? ಅಲ್ಲಿನ 2010ರ ಆರೋಗ್ಯ ಕಾಯ್ದೆಯ ಸೆಕ್ಷನ್ 1557ರ ಪ್ರಕಾರ, ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆ ಇಂಗ್ಲಿಷ್ ಬಾರದವರಿಗೆ ಪುಕ್ಕಟೆ ದುಭಾಷಿ ಕೊಡಬೇಕು. ತುರ್ತು ಇಲ್ಲದಿದ್ದರೆ ಮನೆಯ ಚಿಕ್ಕ ಮಕ್ಕಳ ಕೈಲಿ ಮಾತಾಡಿಸುವ ಹಾಗೂ ಇಲ್ಲ. (ಇಂಡಿಯಾ ಅಂದ ಕೂಡಲೇ ಹಿಂದಿಯವರನ್ನು ಫೋನಿಗೆ ಕರೆಸುವ ಪುಣ್ಯಾತ್ಮರು ಅಲ್ಲೂ ಇದ್ದಾರೆ, ಬಿಡಿ.) ಅಂದರೆ ಆಸ್ಪತ್ರೆಯಲ್ಲಿ ಹಕ್ಕಿನಿಂದ ಕನ್ನಡ ಕೇಳಬೇಕಾದರೆ ಮೊದಲು ವೀಸಾ ಮಾಡಿಸಬೇಕು.

ನಮ್ಮಲ್ಲೂ ಕಾನೂನಿದೆ ಮಾರಾಯ್ರೆ, ಬೋರ್ಡಿಗೆ. 2024ರಿಂದ ಆಸ್ಪತ್ರೆಯ ನಾಮಫಲಕದಲ್ಲಿ ಶೇ. 60 ಕನ್ನಡ ಇರಲೇಬೇಕು. ಟೇಪು ಹಿಡಿದು ಬಂದವರು ಗೇಟಿನಲ್ಲೇ ಅಳೆದು, ತೃಪ್ತಿಪಟ್ಟು ವಾಪಸ್ ಹೋಗುತ್ತಾರೆ. ಒಳಗೆ ಹೋದರೆ ತಾನೇ ಒಪ್ಪಿಗೆ ಪತ್ರ ಕಾಣುವುದು? ಚಿಕಿತ್ಸೆ ಏನು, ಅಪಾಯ ಏನು, ಬೇರೆ ದಾರಿ ಇದೆಯಾ ಅಂತ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಆಸ್ಪತ್ರೆಯವರು ಚಾಚೂ ತಪ್ಪದೆ ಎಲ್ಲವನ್ನೂ ಬರೆದಿದ್ದಾರೆ. ಪುಟಗಟ್ಟಲೆ. ಇಂಗ್ಲಿಷಿನಲ್ಲಿ.

ಮಧ್ಯಾಹ್ನ ಮೂರಕ್ಕೆ ಸಿಸ್ಟರ್ ಇಂಕ್ ಪ್ಯಾಡ್ ಹಿಡಿದು ಬರುತ್ತಾರೆ. ಅಕ್ಕ ಮನೆಗೆ ಹೋಗಿ ಆಗಿದೆ. ಅಜ್ಜಿ ಹೆಬ್ಬೆಟ್ಟು ಒತ್ತಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಾರೆ:

"ಏನ್ ಬರ್ದವ್ರವ್ವ ಇಲ್ಲಿ?"

ಅಲ್ಲಿ ಇಂಗ್ಲಿಷಿನಲ್ಲಿ ಬರೆದಿರುವುದು ಇಷ್ಟೇ: "ಅಜ್ಜಿಗೆ ಅವರ ಭಾಷೆಯಲ್ಲೇ ಹೇಳಿದ್ದೇವೆ, ಅಜ್ಜಿಗೆ ಎಲ್ಲಾ ಅರ್ಥ ಆಗಿದೆ."