ಪಡುವಣ ಗೋಡೆಯ ಬಣ್ಣ

ಮಲೆನಾಡಿನ ಮನೆಗೆ ಗೋಡೆ ನಾಲ್ಕಿದ್ದರೂ ಮಳೆಗೆ ಕಣ್ಣಿರುವುದು ಪಡುವಣದ್ದರ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ಇರಚಲನ್ನು ತಂದು ಅಲ್ಲಿಗೇ ರಾಚುತ್ತದೆ. ಹಿಂದಿನವರು ಆ ಬದಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗ ತಟ್ಟಿಯ ಕೆಲಸವನ್ನೂ ಬಣ್ಣಕ್ಕೇ ವಹಿಸಿಬಿಟ್ಟಿದ್ದೇವೆ.

ಮನೆಮಂದಿಯೆಲ್ಲ ವಾರಗಟ್ಟಲೆ ಶೇಡ್ ಕಾರ್ಡ್ ಹಿಡಿದು ಜಗಳಾಡುತ್ತಾರೆ. ಗೋಡೆ ಒಣಗಿದೆಯೇ ಎಂದು ಕೇಳುವವರೇ ಇಲ್ಲ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಮರುದಿನ ನೋಡಿ. ಒಳಮೈಯಲ್ಲಿ ಹನಿ ಕಂಡರೆ ಪೇಂಟರನ್ನು ವಾಪಸ್ ಕಳಿಸುವುದೇ ಲಾಭ. ಹಸಿಯ ಮೇಲೆ ಬಳಿದರೆ ಬಿಸಿಲೇರಿದಾಗ ಒಳಗಿನ ತೇವ ಹೊರಬರಲು ಹವಣಿಸಿ ಬಣ್ಣವನ್ನು ಗುಳ್ಳೆ ಎಬ್ಬಿಸುತ್ತದೆ. ಹೊಸ ಗಾರೆಗಾದರೆ ಕನಿಷ್ಠ 28 ದಿನ ಬಿಡಬೇಕು.

ಪಾಚಿಯದು ಇನ್ನೊಂದು ಕಥೆ. ತಂತಿ ಬ್ರಷ್ಷಿನಿಂದ ಉಜ್ಜಿದರೆ ಮೇಲಿನ ಹಸಿರು ಹೋಗುತ್ತದೆ, ಗಾರೆಯ ಸಂದಿಯಲ್ಲಿ ಕೂತದ್ದು ಹೋಗುವುದಿಲ್ಲ. ಬ್ಲೀಚಿಂಗ್ ಪೌಡರಿನ ನೀರು ಬಳಿದು ಅರ್ಧ ಗಂಟೆ ಬಿಟ್ಟು ತೊಳೆಯಬೇಕು, ಮತ್ತೆ ಒಣಗಿಸಬೇಕು. ಹಳೇ ಸುಣ್ಣವಿದ್ದರೆ ಪೂರ್ತಿ ಕೆರೆಯದೆ ವಿಧಿಯಿಲ್ಲ: ಎಮಲ್ಶನ್, ಅಂದರೆ ನೀರು ಬೆರೆಸಿ ಬಳಿಯುವ ಬಣ್ಣ, ಸುಣ್ಣವನ್ನು ಬಿಗಿಯಾಗಿ ಹಿಡಿಯುತ್ತದೆ, ಸುಣ್ಣ ಗೋಡೆಯನ್ನು ಹಿಡಿದಿರುವುದಿಲ್ಲ, ಎರಡೂ ಒಟ್ಟಿಗೇ ಹಪ್ಪಳವಾಗಿ ಕಳಚುತ್ತವೆ.

ದೀಪಾವಳಿಗೆ ಮನೆ ಹೊಳೆಯಲಿ ಎಂಬ ಆಸೆ ಸಹಜವೇ, ಆದರೆ ಆಗ ಗೋಡೆಯಲ್ಲಿ ಮಳೆಗಾಲ ಇನ್ನೂ ಉಳಿದಿರುತ್ತದೆ. ಜನವರಿಯಿಂದ ಮಾರ್ಚ್ ಒಳ್ಳೇ ಕಾಲ; ಏಪ್ರಿಲ್ ಸಂಜೆಯ ಗುಡುಗು ಮಳೆಯನ್ನು ನಂಬುವಂತಿಲ್ಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರುಮಾಡಿ ನಾಲ್ಕಕ್ಕೆ ನಿಲ್ಲಿಸಬೇಕು. ಕಾದ ಗೋಡೆಗೂ ಬಳಿಯಬಾರದು, ಹಿಡಿಯುವ ಮೊದಲೇ ಒಣಗಿಬಿಡುತ್ತದೆ; ಬಿಸಿಲು ಸರಿದ ಬದಿಗೆ ಏಣಿ ಸರಿಸುತ್ತ ಹೋಗುವುದು ಜಾಣತನ.

ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಪದರ) ಹೊಡೆದ ಸಾವಿರ ಚದರಡಿ ಗೋಡೆಗೆ ಎರಡು ಕೋಟ್ ಬಳಿಯಲು ಸುಮಾರು 20 ಲೀಟರ್ ಬಣ್ಣ ಬೇಕು. ಹತ್ತರಲ್ಲೇ ಮುಗಿಸಿದೆ ಎಂದು ಮೇಸ್ತ್ರಿ ಬೀಗಿದರೆ ಉಳಿದ ಹತ್ತು ಲೀಟರ್ ಬಾವಿಯಿಂದ ಬಂದಿದೆ ಎಂದೇ ಅರ್ಥ. ಕೋಟ್‌ಗಳ ನಡುವೆ ನಾಲ್ಕರಿಂದ ಆರು ಗಂಟೆ ಬಿಡುವು ಬೇಕು.

ನೆಲದಿಂದ ಎರಡಡಿಯವರೆಗೆ ಯಾವ ದುಬಾರಿ ಬಣ್ಣವೂ ಗೆಲ್ಲದು, ಸೂರಿನ ನೀರು ಅಂಗಳದ ಕೆಮ್ಮಣ್ಣನ್ನು ಅಲ್ಲಿಗೇ ಸಿಡಿಸುತ್ತದೆ. ಅಲ್ಲೊಂದು ಕೆಂಪು ಪಟ್ಟಿ ಎಳೆದರೆ ಕಲೆ ಕಾಣುವುದಿಲ್ಲ. ಕೆಳಗೂ ಕ್ರೀಮ್ ಬಣ್ಣವೇ ಬೇಕೆನ್ನುವವರು ನೀರು ಬೀಳುವ ಜಾಗಕ್ಕೆ ಜಲ್ಲಿ ಹಾಸಿಕೊಳ್ಳಲಿ.