ಕಾಲಿಗೊಂದು ತುಂಡು ಬಟ್ಟೆ

ಬೆಳಿಗ್ಗೆ ಆಫೀಸಿಗೆ ಹೊರಡುವ ಹೊತ್ತಿಗೆ ಒಂದು ಕಾಲುಚೀಲ ಮಾಯವಾಗುವುದು ನಮ್ಮ ಮನೆಯ ನಿತ್ಯದ ಪವಾಡ. ಒಂಟಿ ಚೀಲ ಹಿಡಿದು ಮಂಚದ ಕೆಳಗೆ ತಡಕುವಾಗಲೆಲ್ಲ ನನಗೆ ರಷ್ಯಾದ ಸಿಪಾಯಿ ನೆನಪಾಗುತ್ತಾನೆ. ಹಿಟ್ಲರನ ಸೈನ್ಯವನ್ನು ಮಾಸ್ಕೋ ಬಾಗಿಲಿನಿಂದ ಬರ್ಲಿನ್‌ವರೆಗೆ ಅಟ್ಟಿದ ಆ ಪುಣ್ಯಾತ್ಮ ಬಹುಪಾಲು ಕಾಲುಚೀಲವಿಲ್ಲದೆಯೇ ನಡೆದವನು!

ಅವನ ಬೂಟಿನೊಳಗೆ ಇದ್ದದ್ದು ಪೊರ್ತ್ಯಾಂಕಿ; ಅಂದರೆ ಹೊಲಿಗೆಯಿಲ್ಲದ ಉದ್ದನೆಯ ತುಂಡು ಬಟ್ಟೆ. ಬೇಸಿಗೆಗೆ ತೆಳು ಹತ್ತಿ, ಚಳಿಗೆ ದಪ್ಪನೆಯದು. ಬಟ್ಟೆಯ ಮೂಲೆಯಲ್ಲಿ ಪಾದವಿಟ್ಟು, ಬೆರಳು ಮುಚ್ಚಿ, ಹಿಮ್ಮಡಿ ಬಳಸಿ ಸುತ್ತಬೇಕು. ನಮ್ಮ ಹಿರಿಯರು ರುಮಾಲು ಸುತ್ತುತ್ತಿದ್ದಷ್ಟೇ ನಾಜೂಕಿನ ಕೆಲಸ. ಒಂದು ಸುಕ್ಕು ಉಳಿದರೂ ಸಂಜೆಗೆ ಪಾದದಲ್ಲಿ ಬೊಬ್ಬೆ. ಕಾಲೇ ಕೆಟ್ಟ ಮೇಲೆ ಕಾಲಾಳು ಎಂಥವನು?

ಆದರೆ ಎಡಬಲದ ಭೇದವಿಲ್ಲ, ಅಳತೆಯ ಗೊಡವೆಯಿಲ್ಲ. ಪಾದದ ಕಡೆ ಒದ್ದೆಯಾಯಿತೋ, ಬಿಚ್ಚಿ ಒಣಗಿದ ತುದಿಯನ್ನು ಕೆಳಗೆ ಮಾಡಿ ಸುತ್ತಿದರಾಯಿತು. ಒದ್ದೆ ತುದಿ ಮೀನಖಂಡದ ಬಿಸಿಗೆ ತಾನೇ ಆರುತ್ತದೆ. ಒಂದು ಕಾಣೆಯಾದರೆ? ಯಾವುದಾದರೂ ಹಳೇ ಬಟ್ಟೆ ಹರಿದುಕೊಂಡರೆ ಮುಗಿಯಿತು.

ಬಟ್ಟೆ ಸುತ್ತಿದ್ದರಿಂದಲೇ ಗೆದ್ದರು ಎಂದರೆ ಇತಿಹಾಸದ ಮೇಷ್ಟ್ರು ಬೆತ್ತ ಹಿಡಿದಾರು. 1941ರ ಜೂನ್ 22ರಂದು ಜರ್ಮನರು ನುಗ್ಗಿದ ಮೇಲೆ ತಿಂಗಳುಗಟ್ಟಲೆ ಈ ಕಾಲುಗಳು ಹಿಂದಕ್ಕೇ ನಡೆದವು. ಲಕ್ಷಗಟ್ಟಲೆ ಜನ ಸೆರೆಸಿಕ್ಕರು. ಅವೇ ಕಾಲುಗಳು ಡಿಸೆಂಬರ್ 5ರಂದು ಮಾಸ್ಕೋ ಹತ್ತಿರ ಮುಂದಕ್ಕೆ ತಿರುಗಿದವು. ಅಷ್ಟರಲ್ಲಿ ಚಳಿ ಕಚ್ಚಿತ್ತು. ಜರ್ಮನ್ ಬೂಟಿನ ಅಟ್ಟೆಗೆ ಕಬ್ಬಿಣದ ಮೊಳೆ. ಹಿಮದ ಥಂಡಿ ಅದರ ಮೂಲಕವೇ ಪಾದಕ್ಕೆ ಏರುತ್ತಿತ್ತು. ರಷ್ಯನ್ನರ ಬಳಿ ವಾಲೆಂಕಿ ಎಂಬ ಉಣ್ಣೆಯ ಬೂಟುಗಳೂ ಇದ್ದವು. ಸತ್ತವರ ಕಾಲಿನಿಂದ ಜರ್ಮನರು ಅವನ್ನು ಕಳಚಿ ಹಾಕಿಕೊಳ್ಳುತ್ತಿದ್ದರಂತೆ. ಆ ಚಳಿಗಾಲ ಕಳೆದವರಿಗೆ ಜರ್ಮನಿ ಒಂದು ಪದಕ ಕೊಟ್ಟಿತು. ಸಿಪಾಯಿಗಳು ಅದನ್ನು ಕರೆದದ್ದು ‘ಹೆಪ್ಪುಗಟ್ಟಿದ ಮಾಂಸದ ಪದಕ’ ಎಂದು. ಸರ್ಕಾರ ಪದಕ ಕೊಟ್ಟರೆ ಹೆಸರಿಡುವವರು ಅದನ್ನು ಧರಿಸುವವರೇ.

ರಷ್ಯಾದ ಸೈನ್ಯ ಪೊರ್ತ್ಯಾಂಕಿ ಬಿಟ್ಟು ಕಾಲುಚೀಲಕ್ಕೆ ಬಂದದ್ದು 2013ರ ಸುಮಾರಿಗೆ. ಕಳೆದ ವಾರ ನಾನು ಉಲ್ಟಾ ದಾರಿ ಹಿಡಿದೆ: ಹಳೇ ಪಂಚೆ ಹರಿದು ಸುತ್ತಿಕೊಂಡು ಶೂ ಹಾಕಿದೆ. ಗೇಟು ದಾಟುವಷ್ಟರಲ್ಲಿ ಎಡಗಾಲಿನದು ಬಿಚ್ಚಿ, ಬಾಲದಂತೆ ಹಿಂದೆ ಎಳೆದುಕೊಂಡು ಬರುತ್ತಿತ್ತು.

“ರೀ, ಪಂಚೆ ಬಿಚ್ಚಿಹೋಗಿದೆ!” ಎಂದು ಒಳಗಿನಿಂದ ಹೆಂಡತಿ ಕೂಗಿದಳು. ಬೀದಿಯವರೆಲ್ಲ ನನ್ನ ಸೊಂಟದ ಕಡೆ ನೋಡಿದರು.