ಕಿಡ್ನಿ ಹರಿದವನ ಕೃತಘ್ನತೆ

2019ರ ಆಗಸ್ಟ್ 24ರ ರಾತ್ರಿ ಅಮೆರಿಕದ ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಕ್ರೀಡಾಂಗಣದಲ್ಲಿ, ಅಮೆರಿಕನ್ ಫುಟ್‌ಬಾಲ್ ಆಡುವ ಕೋಲ್ಟ್ಸ್ ತಂಡದ ಅಭಿಮಾನಿಗಳಿಗೆ ಘೋರ ಅನ್ಯಾಯವಾಯಿತು. ಗೆದ್ದರೂ ಸೋತರೂ ಲೆಕ್ಕಕ್ಕಿಲ್ಲದ ಅಭ್ಯಾಸ ಪಂದ್ಯವೊಂದನ್ನು ನೋಡುತ್ತ ನೆಮ್ಮದಿಯಾಗಿ ಕುಳಿತಿದ್ದವರ ಮೊಬೈಲುಗಳಿಗೆ, ತಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಆಟಗಾರ) ಆಂಡ್ರ್ಯೂ ಲಕ್ 29ನೆಯ ವಯಸ್ಸಿಗೇ ನಿವೃತ್ತನಾಗುತ್ತಿದ್ದಾನೆಂಬ ಸುದ್ದಿ ಬಂದು ಬಿತ್ತು. ಆ ದಿನ ಆಡಲು ಇಳಿಯದೆ ಅಂಚಿನಲ್ಲಿ ನಿಂತಿದ್ದ ಆತ ಮೈದಾನ ಬಿಟ್ಟು ನಡೆಯುವಾಗ ಅವರು ‘ಬೂ’ ಎಂದು ಕೂಗಿ ಬೀಳ್ಕೊಟ್ಟರು.

ಅವರ ಸಂಕಟ ಸಕಾರಣವೇ ಆಗಿದೆ. 2012ರಲ್ಲಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಂಡಾಗ ಇಡೀ ಲೀಗಿನ ಮೊದಲ ಆಯ್ಕೆಯಾಗಿ ಬಂದ ಈ ಯುವಕನ ಮುಂದೆ ತಂಡವು ಕಾವಲಿಗೆಂದು ನಿಲ್ಲಿಸಿದ ದೈತ್ಯರು ಅದೆಷ್ಟು ಉದಾರಿಗಳಾಗಿದ್ದರೆಂದರೆ, ಎದುರಾಳಿಗಳು ಆ ವರ್ಷ 41 ಬಾರಿಯೂ 2016ರಲ್ಲಿ ಮತ್ತೆ 41 ಬಾರಿಯೂ ಚೆಂಡಿನ ಸಮೇತ ಆತನನ್ನು ನೆಲಕ್ಕೆ ಕೆಡವಿದರು. ಕೆಡವಿದವನನ್ನೇ ‘ಒಳ್ಳೆಯ ಹೊಡೆತ’ ಎಂದು ಅಭಿನಂದಿಸುವುದು ಲಕ್‌ನ ಅಭ್ಯಾಸವಾಗಿತ್ತು; ಇಂಥ ಅನುಕೂಲಸ್ಥ ಆಟಗಾರ ಎಲ್ಲಿ ಸಿಗುತ್ತಾನೆ? ಪಕ್ಕೆಲುಬಿನ ಮೃದ್ವಸ್ಥಿ ಹರಿಯಿತು, ಹೊಟ್ಟೆಯ ಸ್ನಾಯು ಹರಿಯಿತು, ಎಸೆಯುವ ಭುಜವೇ ಹರಿಯಿತು. 2015ರ ನವೆಂಬರಿನಲ್ಲಿ ಡೆನ್ವರ್ ವಿರುದ್ಧ ಕಿಡ್ನಿ ಸೀಳಿದ ಹೊಡೆತ ತಿಂದ ಮೇಲೂ ಆತ ಅಂಕಣ ಬಿಡದೆ 27-24ರಿಂದ ಪಂದ್ಯ ಗೆಲ್ಲಿಸಿಕೊಟ್ಟ. ಆಮೇಲೆ ಮೂತ್ರದಲ್ಲಿ ರಕ್ತ ಹೋಯಿತು. ರಕ್ತ ಅಭಿಮಾನಿಗಳಿಗೆ ಕಾಣಲಿಲ್ಲ, ಗೆಲುವು ಕಂಡಿತು.

ಭುಜದ ಶಸ್ತ್ರಚಿಕಿತ್ಸೆಯಿಂದಾಗಿ 2017ರ ಋತುವನ್ನು ಪೂರ್ತಿ ಕಳೆದುಕೊಂಡವನು 2018ರಲ್ಲಿ ಮರಳಿ ಅಂಕ ತರುವ 39 ಟಚ್‌ಡೌನ್ ಎಸೆತಗಳನ್ನು ಎಸೆದು, ವರ್ಷದ ಶ್ರೇಷ್ಠ ಪುನರಾಗಮನದ ಪ್ರಶಸ್ತಿಯನ್ನೂ ಪಡೆದ. ತಪ್ಪಾದದ್ದು ಅಲ್ಲಿಯೇ ಇರಬೇಕು. ಒಮ್ಮೆ ಹೊಲಿದರೆ ಮತ್ತೆ ಓಡುತ್ತದೆ ಎಂದು ಸಾಬೀತುಪಡಿಸಿದ ದೇಹವು ಮರುವರ್ಷವೇ ಮೀನಖಂಡ, ಪಾದದ ಕೀಲು ಎಂದು ನೆಪ ಹೇಳಿದರೆ ಯಾರು ನಂಬುತ್ತಾರೆ? ಗಾಯ, ನೋವು, ಚಿಕಿತ್ಸೆ, ಮತ್ತೆ ಗಾಯ ಎಂಬ ನಾಲ್ಕು ವರ್ಷಗಳ ಸುತ್ತಾಟವು ಆಟದ ಆನಂದವನ್ನೇ ಕಿತ್ತುಕೊಂಡಿತೆಂದು ಆತ ಆ ರಾತ್ರಿ ಕಣ್ಣೀರಿಟ್ಟು ಹೇಳಿದ. ಆನಂದ ಬೇಕಿದ್ದರೆ ಟಿಕೆಟ್ ಕೊಂಡು ಮೇಲೆ ಕೂರಬೇಕಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ನಮ್ಮ ಗಾದೆಯಲ್ಲಿ ಎತ್ತಿಗಾದರೂ ವಿನಾಯಿತಿ ಇದೆ. ಇಂಡಿಯಾನಾಪೊಲಿಸ್‌ನಲ್ಲಿ ಜ್ವರವೂ ಬರೆಯೂ ಎತ್ತಿಗೇ. ಇನ್ನೂ ಸೋಜಿಗವೆಂದರೆ, ನಿವೃತ್ತನಾದವನಿಂದ ಸುಮಾರು 2.48 ಕೋಟಿ ಡಾಲರ್‌ಗಳಷ್ಟು ಬೋನಸ್ಸನ್ನು ವಾಪಸು ಕೇಳಬಹುದಾಗಿದ್ದ ತಂಡ ಕೇಳಲಿಲ್ಲವೆಂದು ಆಗ ವರದಿಯಾಯಿತು. ಸಾಲ ಕೊಟ್ಟವರು ಸುಮ್ಮನಿದ್ದರು, ಸಾಕ್ಷಿಗಳು ವಸೂಲಿಗೆ ನಿಂತರು. ಅವರಲ್ಲಿ ಕಾಲ್ಪನಿಕ ತಂಡ ಕಟ್ಟುವ ಫ್ಯಾಂಟಸಿ ಆಟದಲ್ಲಿ ಲಕ್‌ನನ್ನು ಆಗಲೇ ಆರಿಸಿಕೊಂಡಿದ್ದವರ ದುಃಖವಂತೂ ಹೇಳತೀರದು.

ಅಭಿಮಾನಿಗಳು ಆಮೇಲೆಯೂ ಎಚ್ಚರ ತಪ್ಪಿಲ್ಲ. 2024ರ ಅಕ್ಟೋಬರಿನಲ್ಲಿ ಅದೇ ತಂಡದ ಯುವ ಕ್ವಾರ್ಟರ್‌ಬ್ಯಾಕ್ ಆಂಥನಿ ರಿಚರ್ಡ್‌ಸನ್, ಹಿಂದಿನ ವರ್ಷವಷ್ಟೇ ಭುಜಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದವನು, ಹ್ಯೂಸ್ಟನ್ ವಿರುದ್ಧದ ಪಂದ್ಯದಲ್ಲಿ ದಣಿವಾಯಿತೆಂದು ಒಂದೇ ಒಂದು ಆಟದ ಸರದಿಗೆ ಹೊರಗೆ ಹೋದ. ದೇಶವಿಡೀ ಛೀಮಾರಿ ಹಾಕಿತು. ಮುಂದಿನ ಪಂದ್ಯಕ್ಕೆ ಆತನನ್ನು ಕೂರಿಸಿ 39 ವರ್ಷದ ಜೋ ಫ್ಲಾಕೊನನ್ನು ಇಳಿಸಲಾಯಿತು.